ಡಗ್ಗಾ ಬಿದ್ದರೆ ಭಾಗವತರು ಯಾಕೆ ಸರಿಯಬೇಕು?

ಮುಧೋಳ, ಲೋಕಾಪುರದ ಕಡೆ ರಾತ್ರಿಯಿಡೀ ನಡೆಯುವ ಶ್ರೀಕೃಷ್ಣ ಪಾರಿಜಾತದ ಆಟವೊಂದನ್ನು ಸ್ಟೀರಿಯೊದಲ್ಲಿ ರೆಕಾರ್ಡ್ ಮಾಡಿದ್ದಾರೆ ಎಂದುಕೊಳ್ಳಿ. ಭಾಗವತರ ದನಿ ನಟ್ಟನಡುವೆ, ಹಾರ್ಮೋನಿಯಂ ಎಡಕ್ಕೆ, ತಬಲಾ ಬಲಕ್ಕೆ. ಹೆಡ್‌ಫೋನ್ ಹಾಕಿಕೊಂಡು ಕೇಳಿದರೆ ಒಂದು ವಿಚಿತ್ರ ಕಾಣುತ್ತದೆ. ತಬಲಾ ಜೋಡಿಯಲ್ಲಿ ತಗ್ಗು ದನಿಯದಾದ ಡಗ್ಗಾದ ಮೇಲೆ ಗಟ್ಟಿ ಪೆಟ್ಟು ಬಿದ್ದಾಗಲೆಲ್ಲ ಭಾಗವತರು ಎಡಕ್ಕೆ ಜಾರುತ್ತಾರೆ, ಪೆಟ್ಟಿನ ನಾದ ಅಡಗಿದ ಮೇಲೆ ಮತ್ತೆ ನಡುವೆ ಬಂದು ನಿಲ್ಲುತ್ತಾರೆ. ಆಟದಲ್ಲಿ ಅವರು ನಿಂತಲ್ಲಿಂದ ಕದಲಿದ್ದೇ ಇಲ್ಲ. ಜಾರಿಸಿದ್ದು ಕಂಪ್ರೆಸರ್.

ದನಿಯ ಏರಿಳಿತವನ್ನು ಹದ್ದಿನಲ್ಲಿಡುವ ಯಂತ್ರ ಇದು. ಥ್ರೆಶೋಲ್ಡ್ ಎಂಬ ಗಡಿಯನ್ನು ಮೊದಲೇ ಗೊತ್ತುಮಾಡಿರುತ್ತಾರೆ. ಅನುಪಾತ 4:1 ಇದ್ದರೆ, ಗಡಿ ದಾಟಿ 8 ಡೆಸಿಬೆಲ್ ಏರಿದ ದನಿ ಹೊರಬರುವಾಗ ಗಡಿಗಿಂತ 2 ಡೆಸಿಬೆಲ್ ಮಾತ್ರ ಮೇಲಿರುತ್ತದೆ. ಉಳಿದ 6 ಕಡಿತ. ಅಷ್ಟು ಕಡಿತವೆಂದರೆ ಸಿಗ್ನಲ್ಲಿನ ವೋಲ್ಟೇಜು ಹೆಚ್ಚುಕಡಿಮೆ ಅರ್ಧಕ್ಕಿಳಿದಂತೆ.

ಯಂತ್ರದೊಳಗೆ ಎರಡು ದಾರಿಗಳಿವೆ. ಒಂದರಲ್ಲಿ ಸ್ಪೀಕರಿಗೆ ಹೋಗುವ ದನಿ ಹರಿಯುತ್ತದೆ. ಇನ್ನೊಂದು ಅಳತೆಗಷ್ಟೇ ಮೀಸಲು, ಅದೇ ಸೈಡ್‌ಚೈನ್. ಅದರಲ್ಲಿ ಹರಿಯುವುದು ಯಾರ ಕಿವಿಗೂ ಬೀಳುವುದಿಲ್ಲ. ಮಳೆಗಾಲದಲ್ಲಿ ಕೃಷ್ಣೆಯ ಹಿಪ್ಪರಗಿ ಬ್ಯಾರೇಜಿನ ಗೇಟು ಎತ್ತುವಾಗ ಅಲ್ಲಿನ ನೀರನ್ನಷ್ಟೇ ನೋಡುವುದಿಲ್ಲ, ಮೇಲೆ ಮಹಾರಾಷ್ಟ್ರದ ರಾಜಾಪುರ ಬ್ಯಾರೇಜಿನಿಂದ ಎಷ್ಟು ಕ್ಯೂಸೆಕ್ ಬರುತ್ತಿದೆ ಎಂದೂ ನೋಡುತ್ತಾರೆ. ಅಳತೆ ಒಂದು ಕಡೆ, ಗೇಟು ಇನ್ನೊಂದು ಕಡೆ. ಸೈಡ್‌ಚೈನಿನ ಕಸುಬೂ ಇದೇ. ಅಳೆಯುವ ದನಿಯನ್ನೇ ತಗ್ಗಿಸಬೇಕೆಂಬ ಕಟ್ಟುಪಾಡಿಲ್ಲ. ಜಾತ್ರೆಯಲ್ಲಿ ಅನೌನ್ಸ್‌ಮೆಂಟಿನ ಮೈಕಿಗೆ ಸೈಡ್‌ಚೈನ್ ಜೋಡಿಸಿದರೆ, ಮಾತು ಶುರುವಾದೊಡನೆ ಹಾಡು ತಾನೇ ತಗ್ಗುತ್ತದೆ.

ಬೀಳಗಿಯ ಅಮೀರ್‌ಬಾಯಿ ಕರ್ನಾಟಕಿ 1943ರ ‘ಕಿಸ್ಮತ್’ ಚಿತ್ರಕ್ಕೆ ಹಾಡಿದಾಗ ದನಿ ಹೀಗೆ ಪಕ್ಕಕ್ಕೆ ಜಾರುವ ಪ್ರಶ್ನೆಯೇ ಇರಲಿಲ್ಲ. ಚಿತ್ರದ ದನಿಯೆಲ್ಲ ಒಂದೇ ಟ್ರ್ಯಾಕಿನಲ್ಲಿತ್ತು, ತಗ್ಗಿದರೆ ಗಾಯಕಿ, ವಾದ್ಯ ಎಲ್ಲ ಒಟ್ಟಿಗೇ ತಗ್ಗಬೇಕು. 1958ರ ಸುಮಾರಿಗೆ ಸ್ಟೀರಿಯೊ ಎಲ್‌ಪಿ ಮಾರುಕಟ್ಟೆಗೆ ಬಂದ ಮೇಲೆ ತಕರಾರು ದೊಡ್ಡದಾಯಿತು. ನಡುವೆ ಕೇಳುವ ದನಿ ಎಂದರೆ ಎರಡೂ ಚಾನೆಲ್ಲಿನಲ್ಲಿ ಸಮಪಾಲು ಇರುವ ದನಿ. ಕಂಪ್ರೆಸರ್ ಒಂದೊಂದು ಚಾನೆಲ್ಲನ್ನೂ ಬೇರೆಬೇರೆಯಾಗಿ ಅಳೆದು ತಗ್ಗಿಸುವಾಗ, ಡಗ್ಗಾದ ದೆಸೆಯಿಂದ ಬಲ ಚಾನೆಲ್ 6 ಡೆಸಿಬೆಲ್ ಇಳಿದರೆ ಭಾಗವತರ ಬಲಪಾಲೂ ಇಳಿಯಿತು. ಎಡದ್ದು ಗಟ್ಟಿಯಾಗಿ ಉಳಿಯಿತು. ಕಿವಿಗೆ ಅಷ್ಟು ಸಾಕು.

ಮದ್ದು ಲಿಂಕ್. ಎರಡೂ ಚಾನೆಲ್ಲುಗಳ ಸೈಡ್‌ಚೈನುಗಳನ್ನು ಜೋಡಿಸುತ್ತಾರೆ. ಯಾವುದು ಜೋರಾಗಿದೆಯೋ ಅದರ ಅಳತೆಯಂತೆ ಎರಡಕ್ಕೂ ಒಂದೇ ಕಡಿತ. ಕೆಲವು ಯಂತ್ರಗಳು ಎರಡರ ಸರಾಸರಿ ಹಿಡಿಯುತ್ತವೆ. ಎರಡೂ ಕಡೆ ಕಡಿತ ಸಮವಾಗಿದ್ದರೆ ಭಾಗವತರು ನಿಂತಲ್ಲೇ ನಿಲ್ಲುತ್ತಾರೆ.

ಆದರೆ ಈಗ ಒಂದೊಂದು ಪೆಟ್ಟಿಗೂ ಹಾರ್ಮೋನಿಯಂ ಸಮೇತ ಇಡೀ ಮೇಳ ತಗ್ಗಿ ಏಳುತ್ತದೆ, ಉಸಿರು ಬಿಟ್ಟಂತೆ. ರೆಕಾರ್ಡಿಂಗಿನವರು ಇದನ್ನು ಪಂಪಿಂಗ್ ಎನ್ನುತ್ತಾರೆ. ಆಗ ಸೈಡ್‌ಚೈನಿಗೆ ಮಾತ್ರ ಹೈಪಾಸ್ ಫಿಲ್ಟರ್ ಹಾಕಿ, 100–150 ಹರ್ಟ್ಜ್‌ಗಿಂತ ಕೆಳಗಿನದನ್ನು ಅಳತೆಯಿಂದ ಬಿಡಿಸುತ್ತಾರೆ. ಡಗ್ಗಾದ ಗುಂಗು ಕೇಳುಗರಿಗೆ ಇದ್ದಷ್ಟೂ ಇರುತ್ತದೆ, ಯಂತ್ರಕ್ಕೆ ಮಾತ್ರ ಬಹುಪಾಲು ಕೇಳುವುದಿಲ್ಲ. ಸ್ಟೀರಿಯೊ ಕಂಪ್ರೆಶನ್ನಿನಲ್ಲಿ ಇದಕ್ಕಿಂತ ಕಡಿಮೆ ಖರ್ಚಿನ ಜಾಣತನ ಇನ್ನೊಂದಿಲ್ಲ.

ಸಿನಿಮಾದ 5.1 ದನಿಯಲ್ಲಿ ಚಾನೆಲ್ ಆರು: ಮುಂದೆ ಎಡ, ನಡು, ಬಲ, ಹಿಂದೆ ಒಂದು ಜೋಡಿ, ಗುಡುಗಿನಂಥ ತಗ್ಗು ದನಿಗೆ ಎಲ್‌ಎಫ್‌ಇ. ಆರನ್ನೂ ಒಂದೇ ಲಿಂಕಿಗೆ ಕಟ್ಟಿದರೆ ಹಿಂದೆಲ್ಲೋ ಪಟಾಕಿ ಸಿಡಿದಾಗ ನಡುವಿನ ಸ್ಪೀಕರಿನ ಸಂಭಾಷಣೆ ಮುಳುಗುತ್ತದೆ. ಅದಕ್ಕೇ ಮುಂದಿನ ಎಡಬಲ ಒಂದು ಗುಂಪು, ಹಿಂದಿನವು ಇನ್ನೊಂದು, ನಡುವಿನದು ಬೇರೆ, ಎಲ್‌ಎಫ್‌ಇ ಲಿಂಕಿನ ಹೊರಗೆ. ಆದರೆ ಮುಂದಿನ ಮೂರೂ ಸ್ಪೀಕರಿಗೆ ಹರಡಿದ ಹಾಡಿಗೆ ಇದು ಒಗ್ಗುವುದಿಲ್ಲ, ನಡುವಿನದು ತನ್ನಷ್ಟಕ್ಕೆ ತಗ್ಗಿದರೆ ಹಾಡಿನ ಹರವು ಕೆಡುತ್ತದೆ. ಈಗಿನ ಕೆಲವು ಸಾಫ್ಟ್‌ವೇರ್ ಕಂಪ್ರೆಸರುಗಳಲ್ಲಿ ಲಿಂಕನ್ನು 0ಯಿಂದ 100 ಪರ್ಸೆಂಟಿನವರೆಗೆ ತಿರುಗಿಸಬಹುದು. ಪಾರಿಜಾತದಂಥ ಆಟಕ್ಕೆ 100 ಯಾವಾಗಲೂ ಬೇಕಿಲ್ಲ. 60–70ಕ್ಕೆ ನಿಲ್ಲಿಸಿದರೆ ಭಾಗವತರು ಕೂದಲೆಳೆಯಷ್ಟು ಸರಿದಾರು, ಹಾರ್ಮೋನಿಯಂ ಮಾತ್ರ ಪ್ರತಿ ಪೆಟ್ಟಿಗೂ ಅಷ್ಟಾಗಿ ಕುಗ್ಗುವುದಿಲ್ಲ.