ಕೊಂಬು ನೋಡಿ ಹೆಸರಿಡುವಂತಿಲ್ಲ

ದಕ್ಷಿಣ ಆಫ್ರಿಕದ ಬಯಲಿನಲ್ಲಿ ನಿಂತ ಒಂದು ಜಾಲಿ ಮರ. ಅದರ ಎಳೆಯ ರೆಂಬೆಯ ಮೇಲೆ ಸಾಲಾಗಿ ನಾಲ್ಕಾರು ಕಂದು ಮುಳ್ಳುಗಳು, ಆ ಮುಳ್ಳುಗಳ ಸುತ್ತ ಇರುವೆಗಳ ಓಡಾಟ. ಮುಳ್ಳಿಗೂ ಇರುವೆಗೂ ಏನು ಸಂಬಂಧ ಎಂದು ಬೆರಳು ಚಾಚಿದರೆ ಒಂದು ಮುಳ್ಳು ಮೆಲ್ಲಗೆ ರೆಂಬೆಯ ಆಚೆ ಬದಿಗೆ ಸರಿದುಕೊಳ್ಳುತ್ತದೆ. ಇನ್ನೊಂದು ಚಂಗನೆ ಜಿಗಿದು ಮಾಯವಾಗುತ್ತದೆ. ಅವು ಮುಳ್ಳುಗಳಲ್ಲ, ಒಂದು ಸೆಂಟಿಮೀಟರ್ ಉದ್ದವೂ ಇಲ್ಲದ ಹುಳುಗಳು.

ಇಂಗ್ಲಿಷಿನಲ್ಲಿ ಇವುಗಳಿಗೆ ಟ್ರೀಹಾಪರ್ ಎಂದು ಹೆಸರು. ನಮ್ಮ ದೇಶದ ಕೃಷಿ ಪಠ್ಯಗಳು ಕೌ ಬಗ್ ಎನ್ನುತ್ತವೆ. ತಲೆಯ ಇಕ್ಕೆಲದಲ್ಲಿ ದನದ ಕೋಡಿನಂತೆ ಎರಡು ಕೊಂಬುಗಳು ಕಾಣುವುದೇ ಆ ಹೆಸರಿಗೆ ಕಾರಣ. ಜಾಲಿ ಮರದ ರೆಂಬೆಯನ್ನೋ ತೊಗರಿ ಗಿಡದ ಕಾಂಡವನ್ನೋ ಹತ್ತಿರದಿಂದ ನೋಡಿದ ನಮ್ಮ ರೈತರಿಗೂ ಈ ಬಳಗದ ಹುಳುಗಳ ಪರಿಚಯವಿದೆ. ಕನ್ನಡದಲ್ಲಿ ಕೊಂಬಿನ ಜಿಗಿಹುಳು ಎಂದರೆ ತಪ್ಪಾಗಲಾರದು. ಸೂಜಿಯಂಥ ಬಾಯಿಯನ್ನು ಕಾಂಡಕ್ಕೆ ಚುಚ್ಚಿ ರಸ ಹೀರುವುದು ಇವುಗಳ ಬದುಕು. ಹೀರಿದ್ದರಲ್ಲಿ ಹೆಚ್ಚಾದ ಸಕ್ಕರೆ ಸಿಹಿದ್ರವವಾಗಿ ಹೊರಬೀಳುತ್ತದೆ. ಇರುವೆಗಳು ಬರುವುದು ಆ ಸಿಹಿಗೆ. ಬಂದದ್ದಕ್ಕೆ ಪ್ರತಿಯಾಗಿ ಅವು ಜೇಡ, ಕಣಜಗಳಿಂದ ಈ ಹುಳುಗಳನ್ನು ಕಾಯುತ್ತವೆ.

ಕೀಟಶಾಸ್ತ್ರಜ್ಞರು ಇವನ್ನು ಮೆಂಬ್ರಾಸಿಡೆ ಎಂಬ ಕುಟುಂಬಕ್ಕೆ ಸೇರಿಸಿದ್ದಾರೆ. ಜಗತ್ತಿನಲ್ಲಿ ಈವರೆಗೆ ಹೆಸರು ಪಡೆದಿರುವ ಪ್ರಭೇದಗಳು 3,000ಕ್ಕೂ ಹೆಚ್ಚು. ಅವುಗಳಲ್ಲಿ ಬಹುಪಾಲು ಅಮೆರಿಕ ಖಂಡಗಳವು. ಬ್ರೆಜಿಲ್‌ನ ಕಾಡುಗಳಲ್ಲಿ ಗೋಲಿಗಳನ್ನು ಪೋಣಿಸಿದಂಥ ಕೊಂಬು ಹೊತ್ತ ಹುಳುಗಳೂ ಇವೆ. ಜನಪ್ರಿಯ ಪತ್ರಿಕೆಗಳಲ್ಲಿ ಅಚ್ಚಾಗುವ ಚಿತ್ರಗಳು ಸಾಮಾನ್ಯವಾಗಿ ಅಂಥವು. ಆಫ್ರಿಕದ ಹುಳುಗಳಿಗೆ ಅಷ್ಟು ವೈಭವವಿಲ್ಲ. ಅವೆಲ್ಲ ಬಹುತೇಕ ಸೆಂಟ್ರೋಟಿನೆ ಎಂಬ ಒಂದೇ ಉಪಕುಟುಂಬದ ಸದಸ್ಯರು: ಕಂದು ಇಲ್ಲವೇ ಕಪ್ಪು ಬಣ್ಣ, ಅಕ್ಕಪಕ್ಕಕ್ಕೆ ಎರಡು ಕೊಂಬು, ಬೆನ್ನ ಮೇಲೆ ಹಿಂದಕ್ಕೆ ಚಾಚಿದ ಒಂದು ಮುಳ್ಳು. ನೋಟದಲ್ಲಿ ಒಂದನ್ನೊಂದು ಹೋಲುವ ಕಾರಣಕ್ಕೇ ಇವುಗಳನ್ನು ಗುರುತಿಸುವುದು ಕಷ್ಟದ ಕೆಲಸವಾಯಿತು. ಈ ಕೆಲಸಕ್ಕೆ ಇನ್ನೂರು ವರ್ಷಗಳ ಚರಿತ್ರೆಯೇ ಇದೆ.

ಮೊದಲು ಆ ಕೊಂಬಿನ ಬಗ್ಗೆ ಒಂದು ಮಾತು. ಅದು ತಲೆಯ ಮೇಲೆ ಹುಟ್ಟಿದ್ದಲ್ಲ. ಕೀಟದ ಎದೆಗೆ ಮೂರು ಖಂಡಗಳು. ಮೊದಲನೆಯ ಖಂಡದ ಬೆನ್ನು ಮುಚ್ಚುವ ಫಲಕಕ್ಕೆ ಪ್ರೊನೋಟಂ ಎನ್ನುತ್ತಾರೆ. ಬೇರೆ ಕೀಟಗಳಲ್ಲಿ ಚಿಕ್ಕ ತಗಡಿನಂತಿರುವ ಈ ಫಲಕ ಇಲ್ಲಿ ಉಬ್ಬಿ, ಕವಲೊಡೆದು, ಹಿಂದಕ್ಕೆ ಹರಿದು ಮೈಯನ್ನೇ ಮುಚ್ಚುತ್ತದೆ. 2011ರಲ್ಲಿ ಫ್ರಾನ್ಸಿನ ವಿಜ್ಞಾನಿಗಳ ತಂಡವೊಂದು ಇದು ಮೂರನೆಯ ಜೋಡಿ ರೆಕ್ಕೆಯ ರೂಪಾಂತರ ಎಂದು ಪ್ರಕಟಿಸಿ ಸುದ್ದಿ ಮಾಡಿತು. ಮರುವರ್ಷವೇ ಇತರರು ಅದನ್ನು ಅಲ್ಲಗಳೆದರು. ರೆಕ್ಕೆ ರೂಪಿಸುವ ಜೀನ್‌ಗಳನ್ನು ಈ ಫಲಕ ಎರವಲು ಪಡೆದಿದೆ, ಆದರೆ ಅದು ರೆಕ್ಕೆಯಲ್ಲ, ಬೆನ್ನುಫಲಕವೇ ಎಂಬ ಕಡೆಗೆ ಈಗ ಅಭಿಪ್ರಾಯ ವಾಲಿದೆ.

ಕಣ್ಣಿಗೆ ಹೊಡೆಯುವಂತಿದ್ದ ಈ ಕೊಂಬನ್ನು ನೋಡಿಯೇ ಹಿಂದಿನವರು ಹೆಸರಿಟ್ಟರು. ಡೆನ್ಮಾರ್ಕ್‌ನ ಫ್ಯಾಬ್ರಿಸಿಯಸ್ 1798ರಲ್ಲಿ ಭಾರತದಿಂದ ಹೋದ ಒಂದು ಹುಳುವಿಗೆ ತರಂಡ ಎಂದು ನಾಮಕರಣ ಮಾಡಿದ. ಲ್ಯಾಟಿನ್‌ನಲ್ಲಿ ತರಂಡಸ್ ಎಂದರೆ ಹಿಮಸಾರಂಗ. ಹಿಮವನ್ನೇ ಕಾಣದ ನಾಡಿನ, ಬಿಸಿಲಿನ ಜಾಲಿಯ ಮೇಲೆ ಬಾಳುವ ಹುಳುವಿಗೆ ಹಿಮಸಾರಂಗದ ಹೆಸರು! ಈ ಹುಳುವಿನ ಕುಲಕ್ಕೆ ಮುಂದೆ ಆಕ್ಸಿರೇಕಿಸ್, ಅಂದರೆ ಚೂಪು ಬೆನ್ನು, ಎಂಬ ಹೆಸರು ಬಂತು. ಭಾರತಕ್ಕೂ ಆಫ್ರಿಕಕ್ಕೂ ಸಮಾನವಾದ ಈ ಕುಲವೇ ಮುಂದೆ ವರ್ಗೀಕರಣಕಾರರನ್ನು ಹೆಚ್ಚು ಕಾಡಿದ್ದು.

ಆಫ್ರಿಕದ ಹುಳುಗಳು ಯುರೋಪಿನ ಮೇಜಿನ ಮೇಲೆ ಬಂದ ಬಗೆ ಒಂದು ಬೇರೆಯೇ ಕಥೆ. ಸ್ವೀಡನ್ನಿನ ಜೊಹಾನ್ ಆಗಸ್ಟ್ ವಾಲ್ಬರ್ಗ್ 1838ರಿಂದ 1845ರವರೆಗೆ ಎತ್ತಿನ ಬಂಡಿಯಲ್ಲಿ ದಕ್ಷಿಣ ಆಫ್ರಿಕ ಸುತ್ತಿ ಪ್ರಾಣಿ, ಪಕ್ಷಿ, ಕೀಟಗಳನ್ನು ರಾಶಿ ರಾಶಿಯಾಗಿ ಸ್ಟಾಕ್‌ಹೋಮ್‌ಗೆ ಕಳಿಸಿದ. ಮತ್ತೆ ಹೋದವನು 1856ರಲ್ಲಿ ಈಗಿನ ಬೋಟ್ಸ್ವಾನಾದಲ್ಲಿ ಗಾಯಗೊಂಡ ಆನೆಯ ಕಾಲಿಗೆ ಸಿಕ್ಕಿ ಸತ್ತ. ಅವನು ಕಳಿಸಿದ ಹುಳುಗಳ ಪೆಟ್ಟಿಗೆ ತೆರೆದವನು ಕಾರ್ಲ್ ಸ್ಟಾಲ್. ಆಫ್ರಿಕದ ನೆಲವನ್ನು ಮೆಟ್ಟದೆಯೇ ಸ್ಟಾಲ್ 1864 ಮತ್ತು 1866ರ ನಡುವೆ 'ಹೆಮಿಪ್ಟೆರಾ ಆಫ್ರಿಕಾನ' ಎಂಬ ನಾಲ್ಕು ಸಂಪುಟಗಳನ್ನು ಬರೆದ. ಒಂದೊಂದು ಪ್ರಭೇದಕ್ಕೂ ಕೆಲವೇ ಸಾಲಿನ ಲ್ಯಾಟಿನ್ ವಿವರಣೆ. ಇಂದಿಗೂ ಆಫ್ರಿಕದ ಕೊಂಬಿನ ಜಿಗಿಹುಳುಗಳ ಅಭ್ಯಾಸ ಆ ಸಾಲುಗಳನ್ನು ದಾಟಿ ಹೋಗಲಾರದು.

ಅನಂತರ ಬಂದವರಲ್ಲಿ ಇಬ್ಬರು ಇಂಗ್ಲಿಷರನ್ನು ನೆನೆಯಬೇಕು. ವಿಲಿಯಂ ಲೂಕಸ್ ಡಿಸ್ಟೆಂಟ್ ಹೊಟ್ಟೆಪಾಡಿಗೆ ಲಂಡನ್ನಿನ ಚರ್ಮ ಹದಮಾಡುವ ಕಾರ್ಖಾನೆಯಲ್ಲಿ ದುಡಿದವನು. ಟ್ರಾನ್ಸ್‌ವಾಲ್‌ಗೆ ಹೋದಾಗ ಕೀಟಗಳನ್ನು ಕೂಡಿಹಾಕಿದ. ಅಲ್ಲಿನ ಕೀಟಗಳ ಬಗ್ಗೆ ಬರೆದವನೇ ಬ್ರಿಟಿಷ್ ಇಂಡಿಯಾದ ಪ್ರಾಣಿಸಂಪತ್ತಿನ ಗ್ರಂಥಮಾಲೆಯಲ್ಲಿ ನಮ್ಮ ನಾಡಿನ ಕೊಂಬಿನ ಹುಳುಗಳನ್ನೂ ವಿವರಿಸಿದ. ಇನ್ನೊಬ್ಬ ಜಾರ್ಜ್ ಬೌಡ್ಲರ್ ಬಕ್ಟನ್. ಬಾಲ್ಯದ ಅಪಘಾತದಿಂದ ಮೈ ಸ್ವಾಧೀನ ಕಳೆದುಕೊಂಡಿದ್ದ ಈತ ಮೊದಲು ರಸಾಯನಶಾಸ್ತ್ರದಲ್ಲಿ ಹೆಸರು ಮಾಡಿ, ಎಂಬತ್ತು ದಾಟಿದ ಮೇಲೆ, 1901ರಿಂದ 1903ರವರೆಗೆ, ಇಡೀ ಮೆಂಬ್ರಾಸಿಡೆ ಕುಟುಂಬದ ಬಗ್ಗೆ ಬಣ್ಣದ ಚಿತ್ರಗಳ ದೊಡ್ಡ ಗ್ರಂಥ ಹೊರತಂದ. ಛಲ ಮೆಚ್ಚಬೇಕಾದ್ದೇ. ಆದರೆ ಗ್ರಂಥದ ತುಂಬ ತಪ್ಪುಗಳು. ಹಳೆಯ ಪ್ರಭೇದಗಳನ್ನೇ ಹೊಸದೆಂದು ಬಗೆದದ್ದೂ ಉಂಟು. ಅವುಗಳನ್ನು ತಿದ್ದುವ ಕೆಲಸ ಮುಂದಿನ ತಲೆಮಾರುಗಳಿಗೆ ಉಳಿಯಿತು.

ತಪ್ಪಿಗೆ ಕಾರಣ ಬಕ್ಟನ್‌ನ ವಯಸ್ಸೊಂದೇ ಅಲ್ಲ. ಸೂಜಿಗೆ ಚುಚ್ಚಿದ ಒಂದೋ ಎರಡೋ ಒಣ ಹುಳುಗಳನ್ನು ನೋಡಿ, ಕೊಂಬಿನ ಉದ್ದ ಎಷ್ಟು, ಅದು ಮೇಲಕ್ಕೆ ಬಾಗಿದೆಯೋ ಕೆಳಕ್ಕೋ ಎಂದು ಅಳೆದು ಹೆಸರಿಡುವುದು ಆ ಕಾಲದ ರೂಢಿ. ಕೊಂಬಾದರೋ ನಂಬಿಕೆಗೆ ಅರ್ಹವಲ್ಲ. ಒಂದೇ ತಾಯಿಯ ಮಕ್ಕಳಲ್ಲಿ ಒಂದರದು ಉದ್ದ, ಒಂದರದು ಮೊಂಡು ಇರಬಹುದು. ಗಂಡು ಸಾಮಾನ್ಯವಾಗಿ ಹೆಣ್ಣಿಗಿಂತ ಚಿಕ್ಕದು, ಕಪ್ಪು. ಅದರ ಕೊಂಬು ಎಷ್ಟೋ ಸಲ ಗಿಡ್ಡ. ಹೀಗಾಗಿ ಗಂಡ ಹೆಂಡಿರು ಎರಡು ಬೇರೆ ಬೇರೆ ಪ್ರಭೇದಗಳಾಗಿ ಪುಸ್ತಕ ಸೇರಿದ್ದುಂಟು. ಮರಿಗಳ ಪಾಡು ಇನ್ನೂ ವಿಚಿತ್ರ. ಅವುಗಳಿಗೆ ತಾಯಿಯ ಕೊಂಬು ಇರುವುದೇ ಇಲ್ಲ; ಕೊನೆಯ ಪೊರೆ ಕಳಚಿದಾಗಲೇ ಅದು ಪೂರ್ತಿ ಅರಳುವುದು. ಮರಿ ಯಾವ ಪ್ರಭೇದದ್ದು ಎಂದು ತಿಳಿಯಬೇಕಾದರೆ ಅದನ್ನು ಅದರ ಗಿಡದ ಮೇಲೆಯೇ ಸಾಕಿ ದೊಡ್ಡದು ಮಾಡಬೇಕು.

ಹಾಗಾದರೆ ಗುರುತು ಎಲ್ಲಿದೆ? ಕೊಂಬಿನ ಅಬ್ಬರದ ಹಿಂದೆ ಅಡಗಿದ ಸಣ್ಣಪುಟ್ಟ ಅಂಗಗಳಲ್ಲಿ. ಅವುಗಳಲ್ಲಿ ಒಂದು ಸ್ಕುಟೆಲ್ಲಂ, ಪುಟ್ಟ ಗುರಾಣಿ ಎಂದು ಅದರ ಅರ್ಥ. ರೆಕ್ಕೆಗಳ ಬುಡದ ನಡುವೆ ಇರುವ ಮುಕ್ಕೋನದ ತುಣುಕು ಅದು. ಸೆಂಟ್ರೋಟಿನೆ ಉಪಕುಟುಂಬದ ಹುಳುಗಳಲ್ಲಿ ಸಾಮಾನ್ಯವಾಗಿ ಇದು ಹೊರಗೆ ಕಾಣುತ್ತದೆ. ಬೆನ್ನಿನ ಮುಳ್ಳು ಎಷ್ಟೇ ಉದ್ದವಿದ್ದರೂ ಅದರ ಇಕ್ಕೆಲದಲ್ಲಿ ಗುರಾಣಿ ಇಣುಕುತ್ತದೆ. ಅಮೆರಿಕದ ಬಹಳಷ್ಟು ಹುಳುಗಳಲ್ಲಿ ಪ್ರೊನೋಟಂ ಅದನ್ನು ಪೂರ್ತಿ ಮುಚ್ಚಿಬಿಡುತ್ತದೆ.

ಈ ಲೆಕ್ಕವನ್ನು ಕೆಡಿಸಿದ್ದು ಆಕ್ಸಿರೇಕಿಸ್. ನೆಲೆ ಆಫ್ರಿಕ ಮತ್ತು ಭಾರತ, ಕೊಂಬುಗಳು ನೆರೆಹೊರೆಯ ಹುಳುಗಳಂತೆಯೇ, ಆದರೆ ಗುರಾಣಿ ಮಾತ್ರ ಕಾಣದು! ಅಮೆರಿಕದವರ ನೆಂಟನೋ, ಆಫ್ರಿಕದವರ ದಾಯಾದಿಯೋ ಎಂಬ ಪ್ರಶ್ನೆ ಎದ್ದಿತು. ಪ್ರಿಟೋರಿಯಾದಿಂದ ಎ. ಎಲ್. ಕೇಪನರ್ ಆಫ್ರಿಕದ ಕೊಂಬಿನ ಹುಳುಗಳ ಮೊದಲ ಸಮಗ್ರ ವರ್ಗೀಕರಣವನ್ನು ಪ್ರಕಟಿಸಿದಾಗ ಅದನ್ನು ಎರಡು ಭಾಗ ಮಾಡಬೇಕಾಯಿತು. 1962ರ ಮೊದಲ ಭಾಗ ಪೂರ್ತಿ ಆಕ್ಸಿರೇಕಿಸ್ ಬಳಗಕ್ಕೆ ಮೀಸಲು. ಅದಕ್ಕೆ ಪ್ರತ್ಯೇಕ ಉಪಕುಟುಂಬದ ಸ್ಥಾನ. 1968ರ ಎರಡನೆಯ ಭಾಗ ಸೆಂಟ್ರೋಟಿನೆಗೆ. ಆಫ್ರಿಕದ ಹುಳುಗಳನ್ನು ಆಫ್ರಿಕದಲ್ಲೇ ಕೂತು ಅಭ್ಯಾಸ ಮಾಡಿದ ಈ ಎರಡು ಭಾಗಗಳು ಇಂದಿಗೂ ಈ ಕ್ಷೇತ್ರದ ಕೈಪಿಡಿ.

ಅಮೆರಿಕದ ಮ್ಯಾಥ್ಯೂ ವ್ಯಾಲೇಸ್ ಮತ್ತು ಲೂಯಿಸ್ ಡೀಟ್ಜ್ 2004ರಲ್ಲಿ ಇಡೀ ಸೆಂಟ್ರೋಟಿನೆ ಉಪಕುಟುಂಬವನ್ನು ಹೊಸದಾಗಿ ಪರಿಶೀಲಿಸಿದರು. ತಲೆಯ ಆಕಾರ, ರೆಕ್ಕೆಯ ನರಗಳ ಜೋಡಣೆ, ಕಾಲಿನ ಮುಳ್ಳುಗಳು, ಜನನಾಂಗಗಳ ರಚನೆ ಎಂದು ಹತ್ತಾರು ಲಕ್ಷಣಗಳನ್ನು ಒಟ್ಟಿಗೆ ತೂಗಿ ನೋಡಿದ ಕೆಲಸ ಅದು. ಆಕ್ಸಿರೇಕಿಸ್ ಬೇರೆ ಮನೆಯದಲ್ಲ, ಸೆಂಟ್ರೋಟಿನೆಯೊಳಗಿನದೇ ಒಂದು ಪಂಗಡ ಎಂದು ತೀರ್ಮಾನವಾಯಿತು. ಗುರಾಣಿಯನ್ನು ಮುಚ್ಚಿಕೊಳ್ಳುವ ಗುಣ ಅದಕ್ಕೆ ಅಮೆರಿಕದವರಿಂದ ಬಂದದ್ದಲ್ಲ, ತನ್ನ ಪಾಡಿಗೆ ತಾನು ಬೆಳೆಸಿಕೊಂಡದ್ದು. ಕೊಂಬಿನ ಮಾತೂ ಅಷ್ಟೇ. ಈ ಬಳಗದ ವಂಶಾವಳಿಯಲ್ಲಿ ಕೊಂಬು ಒಂದಕ್ಕಿಂತ ಹೆಚ್ಚು ಸಲ ಮೂಡಿದೆ, ಅಳಿಸಿಹೋಗಿದೆ. ಎರಡು ಹುಳುಗಳ ಕೊಂಬು ಒಂದೇ ತರಹ ಇದೆ ಎಂದ ಮಾತ್ರಕ್ಕೆ ಅವು ಒಂದೇ ಮನೆಯವಲ್ಲ. ಕೊಂಬಿಲ್ಲದವೆಲ್ಲ ಒಂದೇ ಗುಂಪೂ ಅಲ್ಲ.

ಕುಲದ ಮಟ್ಟದವರೆಗೆ ಕಣ್ಣಳತೆಯಲ್ಲಿ ಹೇಳಬಹುದಾದ ಹುಳುಗಳು ಆಫ್ರಿಕದಲ್ಲೂ ಇವೆ. ಬೆನ್ನಫಲಕ ಕಂಬದಂತೆ ಎದ್ದು, ಅದರ ತುದಿಯಿಂದ ಕೊಂಬುಗಳೂ ಹಿಂದಕ್ಕೆ ಬಾಗಿದ ಮುಳ್ಳೂ ಹೊರಟಿದ್ದರೆ ಅದು ಆಂಕಾನ್. ಕೊಂಬು ಉದ್ದವಾಗಿ ಹೊರಗೆ ಬಾಗಿ, ಬೆನ್ನಿನ ತೆಳು ಮುಳ್ಳು ಮೈಗೆ ತಾಗದೆ ದೂರ ನಿಂತಿದ್ದರೆ ಲೆಪ್ಟೊಸೆಂಟ್ರಸ್ ಇರಬಹುದು. ಈ ಎರಡೂ ಕುಲಗಳು ಭಾರತದಲ್ಲೂ ಇವೆ. ಗುಂಡಗೆ ಚಿಕ್ಕದಾಗಿ, ಕೊಂಬೇ ಇಲ್ಲದಿದ್ದರೆ ಗಾರ್ಗರ ಎಂದು ಊಹಿಸಬಹುದು, ಊಹೆಯಷ್ಟೇ.

ಪ್ರಭೇದ ಯಾವುದು ಎಂದು ಹೇಳಲು ಮಾತ್ರ ಹುಳುವನ್ನು ಕೈಗೆ ತೆಗೆದುಕೊಳ್ಳಲೇಬೇಕು. ಹುಳುವಿನ ಹೊಟ್ಟೆಯ ತುದಿಯನ್ನು ಬೇರ್ಪಡಿಸಿ, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಬಿಸಿಮಾಡಿ ಮಾಂಸ ಕರಗಿಸಿ, ಉಳಿದ ಗಡಸು ಭಾಗವನ್ನು ಗ್ಲಿಸರಿನ್ ಹನಿಯಲ್ಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಗಂಡಿನ ಜನನಾಂಗದ ಬಾಗು, ಕೊಕ್ಕೆ, ಮೊನೆಗಳು ಪ್ರಭೇದದಿಂದ ಪ್ರಭೇದಕ್ಕೆ ಬದಲಾಗುತ್ತವೆ. ಹೆಣ್ಣು ಕಾಂಡವನ್ನು ಸೀಳಿ ಮೊಟ್ಟೆ ಇಡಲು ಬಳಸುವ ಗರಗಸದಂಥ ಅಂಗದ ಹಲ್ಲುಗಳನ್ನೂ ನೋಡುತ್ತಾರೆ. ನೋಡಿ ಮುಗಿದ ಮೇಲೆ ಆ ತುಣುಕನ್ನು ಪುಟ್ಟ ಸೀಸೆಯಲ್ಲಿಟ್ಟು ಅದೇ ಹುಳುವಿನ ಸೂಜಿಗೆ ಸಿಕ್ಕಿಸುತ್ತಾರೆ. ರೆಂಬೆಯ ಮೇಲೆ ಕೂತ ಹುಳುವಿನ ಫೋಟೋ ಎಷ್ಟೇ ಸ್ಪಷ್ಟವಾಗಿದ್ದರೂ ಅನೇಕ ಸಲ ಕುಲದ ಹೆಸರಿನ ಮುಂದಕ್ಕೆ ಹೋಗಲಾಗದಿರುವುದು ಇದೇ ಕಾರಣಕ್ಕೆ.

ಹುಳುಗಳಿಗೆ ಈ ತೊಂದರೆಯಿಲ್ಲ. ಅವು ತಮ್ಮವರನ್ನು ಗುರುತಿಸುವುದು ಕಂಪನದಿಂದ. ಗಂಡು ತನ್ನ ಮೈಯನ್ನು ನಡುಗಿಸಿ ಕಾಂಡದ ಮೂಲಕ ಸಂದೇಶ ಕಳಿಸುತ್ತದೆ. ಮನುಷ್ಯರ ಕಿವಿಗೆ ಅದು ಕೇಳದು. ಒಂದೊಂದು ಪ್ರಭೇದದ ಲಯ ಒಂದೊಂದು. ಕೊಂಬು ಗಿಡ್ಡವೋ ಉದ್ದವೋ ಎಂಬುದಕ್ಕಿಂತ ಆ ಲಯ ತನ್ನದೋ ಅಲ್ಲವೋ ಎಂಬುದು ಹೆಣ್ಣಿಗೆ ಮುಖ್ಯ.

ಸೂಕ್ಷ್ಮದರ್ಶಕದ ಕೆಲಸ ಮುಗಿದರೂ ಹೆಸರು ಖಚಿತವಾಗುವುದಿಲ್ಲ. ಮೊದಲು ಹೆಸರಿಟ್ಟವರು ಯಾವ ಹುಳುವನ್ನು ಮುಂದಿಟ್ಟುಕೊಂಡು ಹೆಸರಿಟ್ಟರೋ ಆ ಮೂಲಮಾದರಿಯೊಂದಿಗೆ ಹೋಲಿಸಬೇಕು. ಅದಿರುವುದು ಆಫ್ರಿಕದಲ್ಲಲ್ಲ. ಸ್ಟಾಲ್ ನೋಡಿದ್ದು ಸ್ಟಾಕ್‌ಹೋಮ್‌ನಲ್ಲಿ, ಡಿಸ್ಟೆಂಟ್ ನೋಡಿದ್ದು ಲಂಡನ್ನಿನಲ್ಲಿ. ಕಾಂಗೋದಿಂದ ಹೋದ ಕೀಟಗಳ ಭಾರಿ ಸಂಗ್ರಹ ಬೆಲ್ಜಿಯಂನ ಟೆರ್ವುರೆನ್‌ನಲ್ಲಿ. ತನ್ನ ಹಿತ್ತಲಿನ ಹುಳುವಿನ ಹೆಸರು ತಿಳಿಯಲು ಆಫ್ರಿಕದ ವಿದ್ಯಾರ್ಥಿ ಯುರೋಪಿನ ಬಾಗಿಲು ತಟ್ಟಬೇಕಾದ ಸ್ಥಿತಿ ಇದರಿಂದ ಹುಟ್ಟಿದ್ದು. ವಸಾಹತು ಕಾಲದ ಲೂಟಿ ಎಂದರೆ ಜನ ಚಿನ್ನ, ವಜ್ರ, ದಂತಗಳನ್ನು ನೆನೆಯುತ್ತಾರೆ. ಸೂಜಿಗೆ ಚುಚ್ಚಿದ ಹುಳುವೂ ಆ ಪಟ್ಟಿಗೆ ಸೇರಬೇಕು.

ಆ ಸೂಜಿಯ ಕೆಳಗಿನ ಚೀಟಿಯೂ ಸುಲಭಕ್ಕೆ ಅರ್ಥ ಬಿಟ್ಟುಕೊಡುವುದಿಲ್ಲ. ಟ್ರಾನ್ಸ್‌ವಾಲ್, ರೊಡೇಷಿಯ, ನ್ಯಾಸಾಲ್ಯಾಂಡ್, ಬೆಲ್ಜಿಯನ್ ಕಾಂಗೋ ಎಂಬ ಚೀಟಿಯ ಹೆಸರುಗಳು ಈಗಿನ ಭೂಪಟದಲ್ಲಿಲ್ಲ. ಮರದ ಹೆಸರೂ ಹಾಗೆಯೇ. ಚೀಟಿಯಲ್ಲಿ ಅಕೇಶಿಯ ಎಂದಿರುತ್ತದೆ. 2005ರಲ್ಲಿ ವಿಯೆನ್ನಾದಲ್ಲಿ ಸೇರಿದ ಸಸ್ಯಶಾಸ್ತ್ರಜ್ಞರ ಸಮ್ಮೇಳನ ಆ ಹೆಸರನ್ನು ಆಸ್ಟ್ರೇಲಿಯದ ಮರಗಳಿಗೆ ಬಿಟ್ಟುಕೊಟ್ಟಿತು. 2011ರ ಮೆಲ್ಬರ್ನ್ ಸಮ್ಮೇಳನ ಅದಕ್ಕೇ ಅಂಟಿಕೊಂಡಿತು. ಆಫ್ರಿಕದ ಜಾಲಿಗಳು ಈಗ ವಾಚೆಲ್ಲಿಯ ಅಥವಾ ಸೆನೆಗಾಲಿಯ. ಹಳೆಯ ಚೀಟಿಯ ಅಕೇಶಿಯ ಈ ಎರಡರಲ್ಲಿ ಯಾವುದು ಎಂಬುದನ್ನು ಮರವನ್ನು ಮತ್ತೆ ಹುಡುಕಿಯೇ ತಿಳಿಯಬೇಕು.

ವಾಲ್ಬರ್ಗ್ ತಂದ ಹುಳುಗಳ ಸ್ಥಳ ಸೂಚಿಸಲು ಸ್ಟಾಲ್ ಬಹಳಷ್ಟು ಕಡೆ ಬರೆದದ್ದು ಕಾಫ್ರಾರಿಯ ಎಂಬ ಒಂದೇ ಪದ. ಅಂದಿನ ಯುರೋಪಿನವರು ಕರಿಯರ ನಾಡು ಎಂಬ ತಾತ್ಸಾರದಲ್ಲಿ ಬಳಸುತ್ತಿದ್ದ, ಈಗ ಯಾರೂ ಬಳಸದ ಹೆಸರು. ಎಲ್ಲೆ ಗೊತ್ತಿಲ್ಲದ ವಿಶಾಲ ಪ್ರದೇಶ. ಆ ಹುಳು ನಿಜವಾಗಿ ಯಾವ ಹೊಳೆಯ ದಂಡೆಯ ಯಾವ ಮರದ ಮೇಲಿತ್ತು ಎಂದು ಹುಡುಕುವವರು ಕೀಟಶಾಸ್ತ್ರದ ಪುಸ್ತಕ ಮುಚ್ಚಿಟ್ಟು, 1994ರಲ್ಲಿ ದಕ್ಷಿಣ ಆಫ್ರಿಕದಲ್ಲಿ ಇಂಗ್ಲಿಷಿನಲ್ಲಿ ಅಚ್ಚಾದ ವಾಲ್ಬರ್ಗ್‌ನ ಪ್ರವಾಸದ ದಿನಚರಿಯನ್ನು ತೆರೆಯಬೇಕು. ಅವನ ಎತ್ತಿನ ಬಂಡಿ ಯಾವ ದಿನ ಎಲ್ಲಿ ನಿಂತಿತ್ತು ಎಂದು ಒಂದೊಂದೇ ಪುಟ ತಿರುವಬೇಕು.