ಉಂಗುಷ್ಠದ ಕೆಲಸ

ಮೊನ್ನೆ ಮಳೆಯಲ್ಲಿ ಬಸ್ ಹಿಡಿಯಲು ಓಡುವಾಗ ಬಲಗಾಲಿನ ಚಪ್ಪಲಿಯ ಉಂಗುಷ್ಠ ಕಿತ್ತುಬಂತು. ಅಟ್ಟೆ ಗಟ್ಟಿಯಾಗಿತ್ತು, ಬಾರು ಸವೆದಿರಲಿಲ್ಲ. ಆದರೂ ಅಲ್ಲಿಂದಾಚೆ ಕಾಲೆಳೆದುಕೊಂಡೇ ನಡೆಯಬೇಕಾಯಿತು. ಹೆಬ್ಬೆರಳಿಗೂ ಪಕ್ಕದ ಬೆರಳಿಗೂ ನಡುವೆ ಕೂರುವ ಅಷ್ಟು ಚಿಕ್ಕ ತುಣುಕು ಎಷ್ಟು ದುಡಿಯುತ್ತಿತ್ತೆಂದು ತಿಳಿದದ್ದು ಆಗಲೇ.

ಪಾದ ನೆಲದ ಮೇಲಿರುವಷ್ಟು ಹೊತ್ತು ಚಪ್ಪಲಿಗೆ ಕಷ್ಟವಿಲ್ಲ. ಮೈಭಾರವೇ ಅದನ್ನು ಒತ್ತಿ ಹಿಡಿದಿರುತ್ತದೆ. ಪಾದ ಮೇಲೆದ್ದಾಗ ಕಷ್ಟ ಶುರು. ಅಟ್ಟೆಯೂ ಜೊತೆಗೆ ಏಳಬೇಕು, ಮುಂದೆ ಸಾಗಬೇಕು, ಮತ್ತೆ ಪಾದದ ಅಡಿಗೇ ಬಂದು ಕೂರಬೇಕು. ಬೂಟು ಪಾದವನ್ನು ಸುತ್ತಲೂ ಮುಚ್ಚಿಬಿಡುವುದರಿಂದ ಅದಕ್ಕೆ ಈ ಚಿಂತೆ ಇಲ್ಲ. ಚಪ್ಪಲಿಗಿರುವುದು ಒಂದೆರಡು ಬಾರು ಮಾತ್ರ. ಆ ಬಾರು ಎಲ್ಲಿ ಹಾಯಬೇಕು ಎಂಬುದಕ್ಕೆ ಬೇರೆ ಬೇರೆ ನಾಡಿನವರು ಕಂಡುಕೊಂಡ ಉತ್ತರಗಳೇ ಚಪ್ಪಲಿಯ ಇಷ್ಟೆಲ್ಲ ಬಗೆಗಳು ಎಂದು ನನಗನ್ನಿಸುತ್ತದೆ.

ಹವಾಯಿ ಚಪ್ಪಲಿಯನ್ನೇ ನೋಡಿ. ಬಾರು ಅಟ್ಟೆಯನ್ನು ಹಿಡಿದಿರುವುದು ಮೂರೇ ಕಡೆ: ಮುಂದೆ ಒಂದು, ಪಕ್ಕಗಳಲ್ಲಿ ಎರಡು. ಹಿಮ್ಮಡಿಯ ಕಡೆ ಹಿಡಿತವೇ ಇಲ್ಲ. ಹಿಮ್ಮಡಿ ಎದ್ದಾಗ ಅಟ್ಟೆಯ ಹಿಂಭಾಗ ಜೋತುಬಿದ್ದು, ಮರುಕ್ಷಣ ಚಟ್ಟನೆ ಪಾದಕ್ಕೆ ಬಡಿಯುತ್ತದೆ. ಅಟ್ಟೆ ಅಲ್ಲಿಗೆ ನಿಂತರೂ ಅದಕ್ಕಂಟಿದ ಕೆಸರು ನಿಲ್ಲುವುದಿಲ್ಲ, ಅದೇ ವೇಗದಲ್ಲಿ ಮೇಲಕ್ಕೆ ಹಾರುತ್ತದೆ. ಮಳೆಗಾಲದಲ್ಲಿ ಪಂಚೆ, ಲಂಗಗಳ ಹಿಂದೆ ಮೂಡುವ ಚುಕ್ಕೆಗಳಿಗೆ ಕಾರಣ ಇದು. ಇನ್ನು ಚಪ್ಪಲಿ ಕಳಚಿಹೋಗದಂತೆ ನಮಗೆ ಗೊತ್ತಿಲ್ಲದೆಯೇ ಬೆರಳುಗಳು ಉಂಗುಷ್ಠವನ್ನು ಹಿಡಿದಿರುತ್ತವೆ. ಅಮೆರಿಕದ ಆಬರ್ನ್ ವಿಶ್ವವಿದ್ಯಾಲಯದವರು ಇಂಥ ಚಪ್ಪಲಿ ತೊಟ್ಟವರ ನಡಿಗೆಯನ್ನು ಅಳೆದು 2008ರಲ್ಲಿ ವರದಿ ಮಾಡಿದರು. ಕ್ರೀಡಾ ಶೂ ಹಾಕಿದಾಗಿನದಕ್ಕಿಂತ ಅವರ ಹೆಜ್ಜೆ ಗಿಡ್ಡವಾಗಿತ್ತು.

ಹೆಸರು ಹವಾಯಿ ಆದರೂ ಈ ಚಪ್ಪಲಿಯ ಮೂಲ ಜಪಾನಿನ ‘ಜೋರಿ’. ಅದನ್ನು ಭತ್ತದ ಹುಲ್ಲಿನಿಂದ ಹೆಣೆಯುತ್ತಿದ್ದರು. ಬ್ರೆಜಿಲ್‌ನಲ್ಲಿ 1962ರಿಂದ ತಯಾರಾಗುತ್ತಿರುವ ಹವಾಯಾನಾಸ್ ರಬ್ಬರ್ ಚಪ್ಪಲಿಯ ಮೇಲ್ಮೈಯಲ್ಲಿ ಅಕ್ಕಿಕಾಳಿನಂಥ ಅಚ್ಚು ಇರುತ್ತದೆ. ಆ ಹುಲ್ಲಿನ ನೆನಪು ಅದು. ನಮ್ಮ ಹಾವುಗೆಯಲ್ಲಿ ಬಾರೂ ಇಲ್ಲ. ಬೆರಳುಗಳ ನಡುವೆ ಮರದ ಗುಬಟು ಒಂದೇ. ಮರ ಪಾದದಂತೆ ಬಾಗುವುದಿಲ್ಲ, ಬೆರಳುಗಳು ಗುಬಟನ್ನು ಬಿಗಿಯಾಗಿ ಹಿಡಿಯದಿದ್ದರೆ ಕಾಲು ಎತ್ತಲಾಗದು. ನಿಧಾನವಾಗಿ ನಡೆಯುವವರಿಗೇ ಅದು ಸರಿ.

ಬಾಗುವ ಚರ್ಮದಲ್ಲಿ ಈ ಪ್ರಶ್ನೆಯನ್ನು ಸೊಗಸಾಗಿ ಬಿಡಿಸಿದವರು ನಮ್ಮ ಪಕ್ಕದಲ್ಲೇ ಇದ್ದಾರೆ. ಕೊಲ್ಹಾಪುರಿ ಎಂದು ಕರೆದರೂ ಆ ಚಪ್ಪಲಿಯನ್ನು ಅಥಣಿ, ಮದಭಾವಿಯ ಮನೆಗಳಲ್ಲಿ ತಲೆಮಾರುಗಳಿಂದ ಮಾಡುತ್ತಿದ್ದಾರೆ. 2019ರಲ್ಲಿ ಸಿಕ್ಕ ಭೌಗೋಳಿಕ ಸೂಚ್ಯಂಕದಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರವೂ ಸೇರಿವೆ. ಸೇರಲೇಬೇಕಿತ್ತು. ಇದರಲ್ಲಿ ಹೆಬ್ಬೆರಳಿಗೆ ಒಂದು ಬಳೆ, ಪಾದದ ಮೇಲುಬ್ಬಿಗೆ ಅಡ್ಡಲಾಗಿ ಅಗಲ ಪಟ್ಟಿ. ಪಾದ ಹಿಂದಕ್ಕೆ ಹೋದಂತೆ ಎತ್ತರವಾಗುವುದರಿಂದ ಆ ಪಟ್ಟಿ ಪಾದವನ್ನು ಮುಂದೆ ಜಾರಗೊಡುವುದಿಲ್ಲ. ಎಳೆತವೆಲ್ಲ ಒಂದೇ ಬಿಂದುವಿನ ಮೇಲೆ ಬೀಳದೆ ಬಳೆಗೂ ಪಟ್ಟಿಗೂ ಹಂಚಿಹೋಗುತ್ತದೆ. ಮೊಳೆ ಇಲ್ಲ, ಹೊಲಿಗೆಗೂ ಚರ್ಮದ ದಾರವೇ. ಜಾಲಿ ತೊಗಟೆ, ಅಳಲೆಕಾಯಿಗಳಲ್ಲಿ ಹದಗೊಂಡ ಚರ್ಮ ಮೊದಮೊದಲು ಕಚ್ಚುತ್ತದೆ. ಆಮೇಲೆ ಬೆವರಿಗೂ ಭಾರಕ್ಕೂ ಮೆತ್ತಗಾಗಿ, ತೊಟ್ಟವರ ಪಾದದ ತಗ್ಗು ದಿನ್ನೆಗಳನ್ನೇ ತನ್ನದಾಗಿಸಿಕೊಳ್ಳುತ್ತದೆ. ಹಳೆಯ ಜೋಡನ್ನು ಮನೆಯಲ್ಲಿ ಇನ್ನೊಬ್ಬರು ಮೆಟ್ಟಿದರೆ ಹಿತವೆನಿಸದಿರುವುದು ಅದಕ್ಕೇ.

ಮನುಷ್ಯ ಯಾವಾಗಿನಿಂದ ಚಪ್ಪಲಿ ಮೆಟ್ಟುತ್ತಿದ್ದಾನೆ? ಹುಲ್ಲು, ಚರ್ಮ ಕೊಳೆತುಹೋಗುತ್ತವೆ, ಮೂಳೆ ಉಳಿಯುತ್ತದೆ. ಎರಿಕ್ ಟ್ರಿಂಕೌಸ್ ಎಂಬ ಮಾನವಶಾಸ್ತ್ರಜ್ಞ ಅದನ್ನೇ ಓದಿದರು. ಬರಿಗಾಲಲ್ಲಿ ನಡೆಯುವವರ ಬೆರಳುಗಳು ಹೆಚ್ಚು ದುಡಿಯುವುದರಿಂದ ಅವುಗಳ ಮೂಳೆ ದಪ್ಪ. ಬೀಜಿಂಗ್ ಬಳಿಯ ಟಿಯಾನ್‌ಯುವಾನ್ ಗುಹೆಯಲ್ಲಿ ಸಿಕ್ಕ, ಸುಮಾರು 40,000 ವರ್ಷ ಹಿಂದಿನ ಮನುಷ್ಯನ ಕಾಲಿನ ಮೂಳೆಗಳು ಗಟ್ಟಿಯಾಗಿದ್ದವು, ಕಾಲ್ಬೆರಳ ಮೂಳೆ ಮಾತ್ರ ತೆಳುವಾಗಿತ್ತು. ಆತ ಪಾದರಕ್ಷೆ ತೊಡುತ್ತಿದ್ದ ಎಂಬುದು ಅವರ ತರ್ಕ. ಕಣ್ಣಿಗೆ ಕಾಣುವ ಹಳೆಯ ಚಪ್ಪಲಿಗಳು ಸಿಕ್ಕಿದ್ದು ಅಮೆರಿಕದ ಆರೆಗಾನ್‌ನಲ್ಲಿ. 1938ರಲ್ಲಿ ಲೂಥರ್ ಕ್ರೆಸ್‌ಮನ್ ಅಲ್ಲಿನ ಫೋರ್ಟ್ ರಾಕ್ ಗುಹೆಯಲ್ಲಿ, ಜ್ವಾಲಾಮುಖಿಯ ಬೂದಿಯ ಪದರದ ಅಡಿಯಿಂದ, ಪೊದೆಗಿಡದ ನಾರಿನಿಂದ ಹೆಣೆದ ಹತ್ತಾರು ಚಪ್ಪಲಿಗಳನ್ನು ತೆಗೆದರು. ಅವಕ್ಕೆ 9,000 ವರ್ಷಕ್ಕೂ ಮೀರಿದ ವಯಸ್ಸು. ಅವುಗಳಲ್ಲಿ ಉಂಗುಷ್ಠವಿಲ್ಲ, ಬೆರಳುಗಳ ಮೇಲೆ ಹೊದಿಕೆಯಂತೆ ಮಡಚುವ ನಾರಿನ ಸೆರಗಿದೆ.

ಹಿಮ್ಮಡಿಯನ್ನೂ ಕಟ್ಟಿದರೆ ಬೆರಳಿಗೆ ಬಿಡುವು. 1984ರಲ್ಲಿ ಗ್ರ್ಯಾಂಡ್ ಕ್ಯಾನಿಯನ್‌ನ ದೋಣಿ ಮಾರ್ಗದರ್ಶಕ ಮಾರ್ಕ್ ಥ್ಯಾಚರ್, ನೀರು ಚಪ್ಪಲಿಯನ್ನು ಸೆಳೆದೊಯ್ಯದಿರಲೆಂದು ಅದಕ್ಕೆ ಕಣಕಾಲಿನ ಪಟ್ಟಿ ಸೇರಿಸಿದ್ದು ‘ತೇವಾ’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ವಿಯೆಟ್ನಾಮಿನವರು ಯುದ್ಧಕಾಲದಲ್ಲಿ ಹಳೆಯ ಟೈರನ್ನು ಅಟ್ಟೆಯಾಗಿ ಕತ್ತರಿಸಿ, ಟ್ಯೂಬಿನ ಬಾರನ್ನು ಅದರ ಇಕ್ಕಟ್ಟಾದ ಸೀಳುಗಳಲ್ಲಿ ಎಳೆದು ಕೂರಿಸುತ್ತಿದ್ದರು. ಅಂಟು ಬೇಡ, ಮೊಳೆ ಬೇಡ. ರಬ್ಬರನ್ನು ರಬ್ಬರೇ ಬಿಗಿಹಿಡಿಯುತ್ತದೆ.

ಮೆಕ್ಸಿಕೊದ ರಾರಾಮುರಿ ಜನರ ‘ವಾರಾಚೆ’ ಎಂಬ ಚಪ್ಪಲಿಗೂ ಟೈರಿನ ಅಟ್ಟೆಯೇ, ಅದರಲ್ಲಿ ಮೂರು ತೂತು. ಒಂದೇ ಉದ್ದನೆಯ ಚರ್ಮದ ಬಾರು ಬೆರಳುಗಳ ನಡುವಿನಿಂದ ಮೇಲೆದ್ದು, ಪಕ್ಕದ ತೂತುಗಳನ್ನು ಹಾಯ್ದು, ಹಿಮ್ಮಡಿಯನ್ನು ಬಳಸಿ ಕಣಕಾಲಿಗೆ ಬಂದು ಗಂಟಾಗುತ್ತದೆ. ಹೀಗೆ ಕಟ್ಟಿದ ಅಟ್ಟೆ ಪಾದವನ್ನು ಬಿಟ್ಟು ಜೋತುಬೀಳುವುದಿಲ್ಲ, ಬೆರಳು ಬಿಗಿಯಬೇಕಾದ್ದೂ ಇಲ್ಲ. 1993ರಲ್ಲಿ ಅಮೆರಿಕದ ಲೆಡ್‌ವಿಲ್‌ನ ಬೆಟ್ಟಗಳಲ್ಲಿ ನಡೆದ 100 ಮೈಲಿಯ ಓಟದಲ್ಲಿ, ಹೊಸ ಮಾದರಿಯ ಶೂ ತೊಟ್ಟವರನ್ನೆಲ್ಲ ಹಿಂದೆ ಹಾಕಿ ಮೊದಲು ಗುರಿ ಮುಟ್ಟಿದ 55 ವರ್ಷದ ವಿಕ್ಟೋರಿಯಾನೊ ಚುರ್ರೊ ಅವರ ಕಾಲಲ್ಲಿದ್ದದ್ದು ಈ ವಾರಾಚೆ.