ಜೀಪು ಏರುವುದು ಮಣ್ಣಿನ ಬಲದಿಂದ

ಸಿದ್ದಾಪುರದಿಂದ ಕುಮಟಾ ಕಡೆ ಇಳಿಯುವ ದೊಡ್ಮನೆ ಘಟ್ಟದ ಆಸುಪಾಸಿನಲ್ಲಿ, ಡಾಂಬರು ಬಿಟ್ಟು ತೋಟದ ಮನೆಗಳತ್ತ ಹೊರಳುವ ಮಣ್ಣುರಸ್ತೆಗಳಲ್ಲಿ, ಜೀಪು ದುಡಿಯುವ ಗಾಡಿ. ಅಡಿಕೆ ಮೂಟೆ, ಗೊಬ್ಬರ, ಮದುವೆಮನೆಯ ಪಾತ್ರೆ, ಆಸ್ಪತ್ರೆಗೆ ಹೊರಟ ಬಾಣಂತಿ, ಎಲ್ಲವನ್ನೂ ಅದು ಹೊತ್ತಿದೆ. ಈಗ ಸಾಲು ರಜೆ ಬಂತೆಂದರೆ ಸಿರ್ಸಿ, ಸಿದ್ದಾಪುರ, ಯಲ್ಲಾಪುರದ ಕಾಡಂಚಿನ ದಾರಿಗಳಿಗೆ ಪಟ್ಟಣದ ಥಾರ್, ಜಿಮ್ನಿಗಳೂ ಬರುತ್ತವೆ. ಮಾಡಿನ ಮೇಲೆ ಡೇರೆ, ಹಿಂದೆ ಹಗ್ಗ, ಪಿಕಾಸಿ. ಅವುಗಳ ಜೊತೆಗೇ ಒಂದು ನಂಬಿಕೆಯೂ ಬರುತ್ತದೆ: ಫೋರ್ ಬೈ ಫೋರ್ ಇದ್ದರೆ ಎಲ್ಲಿಗಾದರೂ ಹೋಗಬಹುದು. ಈ ನಂಬಿಕೆಯಲ್ಲಿ ಅರ್ಧ ಮಾತ್ರ ನಿಜ. ನಾಲ್ಕು ಚಕ್ರದ ಎಳೆತ ಹೊಸದಾಗಿ ಹಿಡಿತವನ್ನು ಹುಟ್ಟಿಸುವುದಿಲ್ಲ. ನೆಲ ಎಷ್ಟು ಹಿಡಿತ ಕೊಡಲು ಸಿದ್ಧವಿದೆಯೋ ಅಷ್ಟನ್ನು ಪೂರ್ತಿ ಬಳಸಿಕೊಳ್ಳುತ್ತದೆ, ಅಷ್ಟೇ. ನೆಲದ ಹತ್ತಿರ ಕೊಡಲು ಏನೂ ಇಲ್ಲದಿದ್ದರೆ ಯಂತ್ರದ ಹತ್ತಿರವೂ ಏನೂ ಇಲ್ಲ.

ಲೆಕ್ಕ ಹಾಕಿ ನೋಡೋಣ. ಸಾಮಾನು ತುಂಬಿದ ಹಳೆಯ ಜೀಪಿನ ತೂಕ 1,400 ಕಿಲೋ ಎಂದಿಟ್ಟುಕೊಳ್ಳಿ. ಹತ್ತು ಅಡಿಗೆ ಒಂದು ಅಡಿ ಏರುವ ದಾರಿಯಲ್ಲಿ ಈ ತೂಕವನ್ನು ಮೇಲೆ ಎಳೆಯಲು ಸುಮಾರು 140 ಕಿಲೋ ಬಲ ಬೇಕು. ಕೆಸರು ಚಕ್ರವನ್ನು ಹಿಡಿದು ಜಗ್ಗುವುದಕ್ಕೆ ಇನ್ನೊಂದು 140 ಸೇರಿಸಿದರೆ ಒಟ್ಟು 280. ಒಣ ಡಾಂಬರಿನ ಮೇಲೆ ಟಯರಿಗೆ ಸಿಗುವ ಹಿಡಿತ ಅದರ ಮೇಲಿರುವ ಭಾರದ ಮುಕ್ಕಾಲು ಪಾಲಿನಷ್ಟಾದರೂ ಇರುತ್ತದೆ. ನೆನೆದ ಜೇಡಿಯ ಮೇಲೆ ಅದು 0.3ಕ್ಕೆ, ಕೆಲವೊಮ್ಮೆ ಅದಕ್ಕಿಂತಲೂ ಕೆಳಗೆ ಇಳಿಯುತ್ತದೆ. ಹಿಂದಿನ ಎರಡು ಚಕ್ರಗಳ ಮೇಲೆ 700 ಕಿಲೋ ಇದ್ದರೆ ಅವು ತಳ್ಳಬಲ್ಲದ್ದು 210 ಕಿಲೋ. ಬೇಕಾದದ್ದು 280. ಜೀಪು ನಿಂತಿತು. ಮುಂದಿನ ಚಕ್ರಗಳನ್ನೂ ಸೇರಿಸಿದರೆ ಪೂರ್ತಿ 1,400 ಕಿಲೋ ಕೆಲಸಕ್ಕೆ ಬಂದು ಬಲ 420 ಆಗುತ್ತದೆ. ಜೀಪು ಏರಿತು. ಇಷ್ಟರಲ್ಲಿ ಎಂಜಿನ್ನಿನ ಶಕ್ತಿಯ ಮಾತೇ ಬರಲಿಲ್ಲ ಎಂಬುದನ್ನು ಗಮನಿಸಿ.

ಎಂಜಿನ್ ದೊಡ್ಡದಿದ್ದರೆ ಹೆಚ್ಚು ಏರುವುದಿಲ್ಲವೇ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಉತ್ತರಕ್ಕೆ 1941ರಿಂದ ಅಮೆರಿಕದ ಸೈನ್ಯಕ್ಕೆ ತಯಾರಾದ ವಿಲ್ಲಿಸ್ ಜೀಪನ್ನೇ ತೆಗೆದುಕೊಳ್ಳಬಹುದು. 1940ರ ದಶಕದ ಕೊನೆಗೆ ಮಹೀಂದ್ರ ಕಂಪನಿ ಮುಂಬೈಯಲ್ಲಿ ಜೋಡಿಸತೊಡಗಿದ್ದು ಅದರ ಸಂತತಿಯನ್ನೇ. ಮಲೆನಾಡಿಗೆ ಬಂದದ್ದೂ ಅದೇ. ಆ ಸೈನ್ಯದ ಜೀಪಿನ ಎಂಜಿನ್ 2.2 ಲೀಟರಿನದು, ಬಲ ಬರೀ 60 ಅಶ್ವಶಕ್ತಿ. ಗೇರಿನ ಕೋಲಿನ ಪಕ್ಕದಲ್ಲಿ ಇನ್ನೆರಡು ಗಿಡ್ಡ ಕೋಲುಗಳಿವೆ. ಒಂದು ಮುಂದಿನ ಚಕ್ರಗಳನ್ನು ಸೇರಿಸಲು, ಇನ್ನೊಂದು ಟ್ರಾನ್ಸ್‌ಫರ್ ಕೇಸ್ ಎಂಬ ಎರಡನೇ ಗೇರುಪೆಟ್ಟಿಗೆಯನ್ನು ಲೋಗೆ, ಅಂದರೆ ನಿಧಾನದ ಹಲ್ಲಿಗೆ, ಹಾಕಲು. ಒಂದನೇ ಗೇರು 2.66 ಪಟ್ಟು, ಲೋ 1.97 ಪಟ್ಟು, ಆಕ್ಸಲ್ಲಿನ ಹಲ್ಲು 4.88 ಪಟ್ಟು, ಮೂರನ್ನೂ ಗುಣಿಸಿದರೆ ಎಂಜಿನ್ ಸುಮಾರು ಇಪ್ಪತ್ತೈದೂವರೆ ಸುತ್ತು ತಿರುಗಿದಾಗ ಚಕ್ರ ಒಂದು ಸುತ್ತು. ಆಗ ಚಕ್ರದ ಅಂಚಿನಲ್ಲಿ ಎಂಜಿನ್ ಕೊಡಬಲ್ಲ ಗರಿಷ್ಠ ತಳ್ಳು ಹತ್ತಿರ ಹತ್ತಿರ 1,000 ಕಿಲೋ. ನಮ್ಮ ಕೆಸರು ತಾಳಿಕೊಳ್ಳುವುದೋ 420 ಮಾತ್ರ. ಲೋ ಇಲ್ಲದೆ ಬರೀ ಒಂದನೇ ಗೇರಿನಲ್ಲೂ 500 ದಾಟುತ್ತದೆ. ಎಂಬತ್ತು ವರ್ಷ ಹಿಂದಿನ ಸಣ್ಣ ಎಂಜಿನ್ನೇ ಮಣ್ಣಿಗೆ ಬೇಕಾದ್ದಕ್ಕಿಂತ ಹೆಚ್ಚು ಕೊಡುತ್ತಿತ್ತು ಎಂದ ಮೇಲೆ ಇಂದಿನ 130, 150 ಅಶ್ವಶಕ್ತಿ ರಾಡಿಯಲ್ಲಿ ಯಾವ ಉಪಕಾರಕ್ಕೆ? ಲೋ ಗೇರಿನ ನಿಜವಾದ ಬೆಲೆ ಅದರ ನಿಧಾನದಲ್ಲಿದೆ. ಎಂಜಿನ್ ನಿಮಿಷಕ್ಕೆ ಸಾವಿರ ಸುತ್ತು ಹಾಯಾಗಿ ತಿರುಗುತ್ತಿರುವಾಗ ಗಾಡಿ ಗಂಟೆಗೆ ಐದು ಚಿಲ್ಲರೆ ಕಿಲೋಮೀಟರಿನಲ್ಲಿ, ಆಳು ನಡೆಯುವ ವೇಗದಲ್ಲಿ ಸಾಗುತ್ತದೆ. ಆಕ್ಸಿಲರೇಟರನ್ನು ಕೂದಲೆಳೆಯಷ್ಟು ಒತ್ತಿ, ಮಣ್ಣು ಹರಿಯುವ ಮಿತಿಯ ಒಳಗೇ ಚಕ್ರವನ್ನು ತಿರುಗಿಸಲು ಚಾಲಕನಿಗೆ ಅದರಿಂದ ಬಿಡುವು ಸಿಗುತ್ತದೆ.

ಇನ್ನು ನಾಲ್ಕು ಚಕ್ರ ಎಂಬ ಮಾತು. ಗಾಡಿ ತಿರುವಿನಲ್ಲಿ ಹೊರಳುವಾಗ ಹೊರಗಿನ ಚಕ್ರ ಹೆಚ್ಚು ದೂರ, ಒಳಗಿನದು ಕಡಿಮೆ ದೂರ ಓಡಬೇಕು. ಅದಕ್ಕೆಂದು ಆಕ್ಸಲ್ಲಿನ ನಡುವೆ ಡಿಫರೆನ್ಶಿಯಲ್ ಇಟ್ಟಿದ್ದಾರೆ. ಅದು ಎರಡೂ ಚಕ್ರಗಳಿಗೆ ಬೇರೆ ಬೇರೆ ವೇಗ ಕೊಡುತ್ತದೆ, ಆದರೆ ತಿರುಚುಬಲವನ್ನು ಸಮನಾಗಿಯೇ ಹಂಚುತ್ತದೆ. ಈ ಸಮಪಾಲೇ ಕೆಸರಿನಲ್ಲಿ ಶತ್ರು. ಎಡಚಕ್ರ ರಾಡಿಯಲ್ಲಿ ಜಾರುತ್ತ 20 ಕಿಲೋ ಹಿಡಿತವನ್ನಷ್ಟೇ ಪಡೆದರೆ, ಕಲ್ಲಿನ ಮೇಲೆ ಗಟ್ಟಿಯಾಗಿ ಕೂತ ಬಲಚಕ್ರಕ್ಕೂ ಸಿಗುವುದು ಅದೇ 20. ಮುಂದಿನ ಒಂದು, ಹಿಂದಿನ ಒಂದು ಚಕ್ರ ಹೀಗೆ ಜಾರಿದರೆ ನಾಲ್ಕು ಚಕ್ರದ ಗಾಡಿ ಇದ್ದಲ್ಲೇ ನಿಂತು ಎರಡು ಚಕ್ರಗಳನ್ನು ಗರಗರ ತಿರುಗಿಸುತ್ತದೆ. ಹೊಸ ಗಾಡಿಗಳಲ್ಲಿ ಜಾರುವ ಚಕ್ರಕ್ಕೆ ತಾನಾಗಿ ಬ್ರೇಕು ಹಾಕಿ ಬಲವನ್ನು ಆಚೆ ಚಕ್ರಕ್ಕೆ ದಾಟಿಸುವ ವ್ಯವಸ್ಥೆ ಇದೆ. ಕೆಲವಕ್ಕೆ ಡಿಫರೆನ್ಶಿಯಲ್ಲನ್ನೇ ಬಿಗಿದುಬಿಡುವ ಲಾಕ್ ಇದೆ. ಒಳ್ಳೆಯ ಉಪಾಯಗಳೇ. ಆದರೆ ನಾಲ್ಕೂ ಚಕ್ರ ಒಂದೇ ನುಣುಪು ಶೇಡಿಮಣ್ಣಿನಲ್ಲಿ ಕೂತಾಗ ಬಲವನ್ನು ದಾಟಿಸುವುದಾದರೂ ಎಲ್ಲಿಗೆ?

ಶೇಡಿಯ ಮಾತು ಬಂದದ್ದೇ ಒಳ್ಳೆಯದಾಯಿತು, ಇಲ್ಲಿನ ಕಥೆಯೆಲ್ಲ ಅದರಲ್ಲೇ ಇದೆ. 1801ರಲ್ಲಿ ಯಲ್ಲಾಪುರ, ಸೋಂದಾ, ಸಿರ್ಸಿಗಳ ಮೇಲೆ ಹಾದುಹೋದ ಫ್ರಾನ್ಸಿಸ್ ಬುಕಾನನ್ ಮುಂದೆ 1807ರಲ್ಲಿ ಪ್ರಕಟಿಸಿದ ಪ್ರವಾಸಗ್ರಂಥದಲ್ಲಿ ಲ್ಯಾಟರೈಟ್ ಎಂದು ಹೆಸರಿಟ್ಟದ್ದು ನಾವು ಚಿರೇಕಲ್ಲು ಎನ್ನುವುದಕ್ಕೇ. ಲಕ್ಷಾಂತರ ವರ್ಷದ ಮಳೆ ಬಂಡೆಯಿಂದ ಸಿಲಿಕಾವನ್ನು ತೊಳೆದುಕೊಂಡು ಹೋಗಿ ಕಬ್ಬಿಣ, ಅಲ್ಯೂಮಿನಿಯಮ್ಮಿನ ಆಕ್ಸೈಡುಗಳನ್ನು ಉಳಿಸಿದಾಗ ಮೇಲೆ ಕೆಂಪು ಗಟ್ಟಿ ಪದರ ಕಟ್ಟಿತು. ಅದರ ಕೆಳಗೆ ಹಲವೆಡೆ, ಹಸೆ ಬರೆಯಲು ಬಳಸುವಂಥ ಬಿಳಿ ಶೇಡಿಮಣ್ಣು, ಕೆಸುವಿನೆಲೆಯಷ್ಟು ನುಣುಪು. ಮೇಲಿನ ಪದರ ಗಟ್ಟಿಯಿರುವಷ್ಟು ಹೊತ್ತು ರಸ್ತೆ ರಸ್ತೆಯೇ. ಟಯರು ಇದ್ದಲ್ಲೇ ತಿರುಗಿ ಆ ಪದರವನ್ನು ಕೊರೆದರೆ ಕೆಳಗೆ ಸಿಗುವುದು ತಳವಿಲ್ಲದ ಜಾರು. ಕೆಸರಿನ ಟಯರು ಬಲ್ಲವರು ಇಲ್ಲಿ ತಕರಾರು ತೆಗೆಯುತ್ತಾರೆ: ಜೋರಾಗಿ ತಿರುಗಿಸಿದರೆ ಟಯರಿನ ಹಲ್ಲುಗಳಿಗೆ ಮೆತ್ತಿದ ಮಣ್ಣು ಸಿಡಿದು, ಹಲ್ಲು ಮತ್ತೆ ಕಚ್ಚುತ್ತದೆ ಎಂದು. ಹೌದು, ಕೆಸರಿನಡಿ ಗಟ್ಟಿ ತಳವಿದ್ದರೆ ಕಚ್ಚುತ್ತದೆ. ಹಳೆಯ ಜೀಪಿನ ಆರಂಗುಲದ ಸಪೂರ ಟಯರು ರಾಡಿಯನ್ನು ಸೀಳಿ ತಳ ಮುಟ್ಟಿ ಪಾರಾಗುತ್ತಿದ್ದುದೂ ಅದಕ್ಕೇ. ಆದರೆ ತಳ ಶೇಡಿಯಾದಲ್ಲಿ ಪ್ರತಿ ಸುತ್ತೂ ಗಾಡಿಯನ್ನು ಇನ್ನಷ್ಟು ಹುಗಿಯುತ್ತದೆ. ಅಲ್ಲಿ ಕೆಲಸಕ್ಕೆ ಬರುವುದು ಟಯರಿನ ಗಾಳಿ 30 ಪಿಎಸ್ಐನಿಂದ 18, 20ಕ್ಕೆ ಇಳಿಸಿ ಅದರ ಪಾದ ಉದ್ದ ಮಾಡುವುದು, ಅಡಿಗೆ ಅಡಿಕೆ ದಬ್ಬೆ ಕೊಡುವುದು. ಎರಡಕ್ಕೂ ಅಶ್ವಶಕ್ತಿ ಬೇಡ.

ಇಳಿಜಾರಿನಲ್ಲಂತೂ ಫೋರ್ ಬೈ ಫೋರ್ ಎಂಬ ಹೆಗ್ಗಳಿಕೆ ಅಪಾಯಕ್ಕೆ ದಾರಿ. ಬ್ರೇಕು ಮಾರುತಿ ಕಾರಿಗೂ ನಾಲ್ಕೂ ಚಕ್ರಕ್ಕೇ ಇರುತ್ತದೆ. ಏರುವಾಗ ಸಿಕ್ಕ ಮೇಲುಗೈ ನಿಲ್ಲಿಸುವಾಗ ಸಿಗುವುದಿಲ್ಲ. ಲೋ ಗೇರಿನಲ್ಲಿ ಎಂಜಿನ್ ನಾಲ್ಕೂ ಚಕ್ರಗಳನ್ನು ಹಿಡಿದಿಟ್ಟುಕೊಳ್ಳುವುದೊಂದೇ ಇದಕ್ಕೆ ಅಪವಾದ.

ಊರಿನವರೂ ಜೀಪು ಓಡಿಸುವುದಿಲ್ಲವೇ, ಬಂದವರ ಮೇಲೆ ಮಾತ್ರ ಯಾಕೆ ದೂರು? ನ್ಯಾಯವಾದ ಪ್ರಶ್ನೆ. ಮಣ್ಣಿಗೆ ಊರವರು, ಪರವೂರವರು ಎಂಬ ಭೇದವಿಲ್ಲ, ಅದು ಲೆಕ್ಕ ಇಡುವುದು ಚಕ್ರ ಜಾರಿದ್ದನ್ನು. ಸಾಮಾನು ಹೊತ್ತ ಜೀಪು ಜಾರಿದರೆ ಚಾಲಕನಿಗೆ ನಷ್ಟ, ಆದ್ದರಿಂದ ಅವನು ಜಾರಿಸುವುದಿಲ್ಲ. ನಾಳೆ ಅದೇ ದಾರಿಯಲ್ಲಿ ಹಾಲಿನ ಕ್ಯಾನು ಹೋಗಬೇಕು. ಮೋಜಿನ ಗಾಡಿಗೆ ಜಾರಿ ಕೆಸರು ಹಾರಿಸುವುದೇ ಉದ್ದೇಶ, ಅದೂ ಒಂದರ ಹಿಂದೊಂದು ಹತ್ತು ಗಾಡಿ. ಆ ಚಕ್ರದ ಗೆರೆಗಳಲ್ಲಿ ಮಳೆಯ ನೀರು ಕಾಲುವೆಯಾಗಿ ಹರಿಯುತ್ತದೆ. ವರ್ಷಕ್ಕೆ 2,500 ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ ನೆಲ ಇದು. 2021ರ ಜುಲೈಯಲ್ಲಿ ಯಲ್ಲಾಪುರದ ಕಳಚೆಯಲ್ಲಿ ಗುಡ್ಡವೇ ತೋಟಗಳ ಮೇಲೆ ಜಾರಿತು. ಅದಕ್ಕೂ ಜೀಪಿಗೂ ಸಂಬಂಧವಿಲ್ಲ. ನೀರು ಕುಡಿದ ಈ ಮಣ್ಣು ತನ್ನ ಭಾರವನ್ನೇ ತಾಳದು ಎಂಬುದಕ್ಕೆ ಮಾತ್ರ ಅದು ಸಾಕ್ಷಿ.

ಇನ್ನು ಗಾಡಿಯ ಹಿಂದಿನ ಆ ಪಿಕಾಸಿಯ ಮಾತು. ಆಸ್ಟ್ರೇಲಿಯದಲ್ಲಿ ಫೋರ್ ಬೈ ಫೋರ್ ಕ್ಲಬ್ಬುಗಳು ರಜೆಯಲ್ಲಿ ಡೇರೆ ಹಾಕಿ ಹರಳು ಹುಡುಕುವುದಿಲ್ಲವೇ ಎಂದು ಉದಾಹರಣೆ ಕೊಡುವವರಿದ್ದಾರೆ. ಕ್ವೀನ್ಸ್‌ಲ್ಯಾಂಡಿನ ಸಫೈರ್, ರೂಬಿವೇಲ್ ಊರುಗಳ ಸುತ್ತ ನೀಲದ ಹರಳಿಗಾಗಿ ಜನ ಜರಡಿ ಹಿಡಿದು ಕೂರುವುದು ನಿಜ. ನೀಲದ ಸಾಂದ್ರತೆ 4, ಮಾಮೂಲಿ ಬೆಣಚುಕಲ್ಲಿನದು 2.65. ಹಾಗಾಗಿ ನೀರಿನಲ್ಲಿ ಜರಡಿ ಆಡಿಸಿದರೆ ಹರಳು ತಳಕ್ಕೆ ಕೂರುತ್ತದೆ. ಆದರೆ ಅದು ನಮ್ಮ ಮಳೆಯ ಕಾಲುಭಾಗವಷ್ಟೇ ಬೀಳುವ ಒಣನೆಲ. ಅಲ್ಲಿ 1994ರ ಕಾಯ್ದೆಯಂತೆ ಪರವಾನಗಿ ಪಡೆದು, ಕೈ ಸಲಕರಣೆಯಿಂದ ಮಾತ್ರ ಅಗೆಯಬೇಕು. ನಮ್ಮ ಕಾಯ್ದೆಯಲ್ಲಿ ಕಾಡಿನ ಕಲ್ಲು, ಮಣ್ಣು, ಖನಿಜ ಎಲ್ಲವೂ ಅರಣ್ಯ ಉತ್ಪನ್ನ. ಕೊಡಗಿನ ನಿಶಾನಿಮೊಟ್ಟೆಯಲ್ಲಿ ಕೆಂಪು ಹರಳಿಗೆ ಅಗೆದವರ ಮೇಲೆ ಮೊಕದ್ದಮೆ ಬಿದ್ದದ್ದು ಅದಕ್ಕೇ. ಪಿಕಾಸಿಯನ್ನು ಮನೆಯಲ್ಲೇ ಬಿಟ್ಟು ಬನ್ನಿ.

ಗಾಡಿ ಮಾತ್ರ ತರಬೇಡಿ ಎನ್ನುವವರು ಯಾರೂ ಇಲ್ಲ. ದೀಪಾವಳಿ ಕಳೆದು ಮಣ್ಣು ಗಟ್ಟಿಯಾದ ಮೇಲೆ ಬನ್ನಿ, ಊರಿನವರನ್ನು ಕೇಳಿ ದಾರಿ ಹಿಡಿಯಿರಿ. ಆಗಸ್ಟ್ ಹದಿನೈದರ ರಜೆಗೇ ಬರುವುದಾದರೆ ಜೀಪನ್ನು ಡಾಂಬರಿನ ಬದಿಗೆ ನಿಲ್ಲಿಸಿ, ಇಂಬಳಕ್ಕೆ ಸುಣ್ಣವೋ ಹೊಗೆಸೊಪ್ಪೋ ಹಚ್ಚಿಕೊಂಡು ನಡೆದು ಹೋಗಿ.